ಕೊಳದ ಬಣ್ಣದ ದಾರ

ಕೊಳ ನೋಡಿಕೊಳ್ಳುವವನು ಹುಟ್ಟಾ ಪುಕ್ಕಲ. ಇದು ಆಗದವರು ಹಬ್ಬಿಸಿದ ಮಾತಲ್ಲ. ಹೆಂಡತಿಯ ಸ್ವಂತ ತಮ್ಮನೇ ಮದುವೆಯಾದ ವರ್ಷ ಅವನಿಗೆ 'ಪುಕ್ಕಲ ಭಾವ' ಎಂದು ಹೆಸರಿಟ್ಟ. ಏಣಿ ಹತ್ತಿದರೆ ಕೆಳಗೆ ಒಬ್ಬರು ಹಿಡಿದುಕೊಂಡೇ ಇರಬೇಕು. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸ್ ಬಂದು ನೋಡಬೇಕು. ಬಸ್ಸು ಪೂರ್ತಿ ನಿಂತು, ಉಳಿದವರೆಲ್ಲ ಇಳಿದು, ಕಂಡಕ್ಟರ್ ಬೈದ ಮೇಲೆಯೇ ಇವನ ಕಾಲು ನೆಲಕ್ಕೆ ತಾಕುತ್ತಿದ್ದದ್ದು. ಭಾವಮೈದುನ ಇದನ್ನೆಲ್ಲ ನಟಿಸಿ ತೋರಿಸಿ ಮನೆಮಂದಿಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ನಗುವವರಲ್ಲಿ ಭಾವನೂ ಒಬ್ಬ. ಮೂವತ್ತು ವರ್ಷದಲ್ಲಿ 'ಪುಕ್ಕಲ' ಸವೆದುಹೋಗಿ 'ಭಾವ' ಮಾತ್ರ ಉಳಿಯಿತು. ಕೆಲಸದ ಜಾಗದಲ್ಲೂ ಈಗ ಅವನು ಎಲ್ಲರಿಗೂ ಭಾವನೇ.

ಕೆಲಸದ ಜಾಗವೆಂದರೆ, ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ಒಂದು ಚಿಕಿತ್ಸಾ ಕೇಂದ್ರ. ಅದರ ಹಿಂಭಾಗದಲ್ಲಿ, ತಗಡಿನ ಚಾವಣಿಯ ಕೆಳಗೆ, ಹತ್ತು ಹೆಜ್ಜೆ ಉದ್ದದ ಒಂದು ಕೊಳ. ಕಲ್ಲಿನದಲ್ಲ, ಸಿಮೆಂಟಿನದೂ ಅಲ್ಲ, ಫೈಬರ್‌ಗ್ಲಾಸಿನದು. ದೊಡ್ಡದೊಂದು ನೀಲಿ ಬೋಗುಣಿಯನ್ನು ನೆಲದಲ್ಲಿ ಹೂತಂತಿದೆ. ನೀರು ಉಪ್ಪುನೀರು. ಸಮುದ್ರದಷ್ಟು ಉಪ್ಪಲ್ಲ, ಕಣ್ಣೀರಿಗಿಂತಲೂ ಕಡಿಮೆ. ಪಂಪಿನ ಕೋಣೆಯಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಸಾಲಾಗಿ ನಿಲ್ಲಿಸಿದ ಲೋಹದ ಹಾಳೆಗಳು. ಆ ಹಾಳೆಗಳ ನಡುವೆ ಕರೆಂಟು ಹರಿದರೆ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟಿ ನೀರನ್ನು ಶುದ್ಧವಾಗಿಡುತ್ತದೆ. ನೋಡಿದವರು, ಕೂತಲ್ಲೇ ನಡೆಯುವ ಕೆಲಸವಪ್ಪಾ ನಿನ್ನದು, ಎನ್ನುತ್ತಿದ್ದರು. ಭಾವ ಮಾತ್ರ ಆ ನೀರಿಗೆ ಹೆದರಿದಷ್ಟು ಮೇಲಧಿಕಾರಿಗೂ ಹೆದರುತ್ತಿರಲಿಲ್ಲ.

ಹೆದರಿಕೆಗೆ ಕಾರಣವೂ ಇತ್ತು. ಹಾಳೆಗಳು ಕೆಲಸ ಮಾಡಿದಷ್ಟೂ ನೀರಿನ ಹುಳಿ ಕಡಿಮೆಯಾಗುತ್ತಾ ಹೋಗುತ್ತದೆ. ಅದನ್ನು ಅಳೆಯುವ ಅಂಕಿಗೆ ಪಿಎಚ್ ಎಂದು ಹೆಸರು, ಹುಳಿ ಇಳಿದಷ್ಟೂ ಅಂಕಿ ಏರುತ್ತದೆ. ಏಳೂವರೆಯ ಆಸುಪಾಸಿನಲ್ಲಿದ್ದರೆ ಸರಿ. ಎಂಟನ್ನು ಮುಟ್ಟಿತೋ, ನೀರಿನಲ್ಲಿ ಕರಗಿ ಕೂತಿದ್ದ ಸುಣ್ಣ ಹೊರಗೆ ಬಂದು ಕೈಗೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ. ಮೊದಲು ಹಾಳೆಗಳಿಗೆ, ಆಮೇಲೆ ಕೊಳದ ಮೈಗೆ. ಫೈಬರ್‌ಗ್ಲಾಸಿನ ಮೈಯೋ, ಕೂಸಿನ ಕೆನ್ನೆಯಷ್ಟು ನಾಜೂಕು. ಕಬ್ಬಿಣದ ಬ್ರಷ್ಷು ತಾಗಿಸುವಂತಿಲ್ಲ. ನೀರೆಲ್ಲ ಬಸಿದು ಉಜ್ಜೋಣವೆಂದರೆ, ಖಾಲಿ ತೊಟ್ಟಿಯನ್ನು ನೆಲದಡಿಯ ನೀರು ದೋಣಿಯಂತೆ ಮೇಲಕ್ಕೆತ್ತಿಬಿಡುತ್ತದೆ. ಹಾಗಾಗಿ ಇರುವುದು ಒಂದೇ ದಾರಿ. ದಿನವೂ ಅಳೆಯಬೇಕು, ಅಳತೆ ನೋಡಿ ಸ್ವಲ್ಪ ಸ್ವಲ್ಪ ಆ್ಯಸಿಡ್ ಹಾಕಬೇಕು.

ಆ್ಯಸಿಡ್ ಎಂದರೆ ಭಾವನಿಗೆ ಇವತ್ತಿಗೂ ನಾಲಿಗೆ ಒಣಗುತ್ತದೆ. ಅವನಿಗೆ ಈ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಮಹಾ ಧೈರ್ಯವಂತ. ಬರಿಗೈಯಲ್ಲೇ ಎಲ್ಲ ಮಾಡುತ್ತಿದ್ದ. ಒಂದು ಬೆಳಿಗ್ಗೆ ತಳದಲ್ಲಿ ಕ್ಲೋರಿನ್ ಪುಡಿ ಉಳಿದಿದ್ದ ಬಕೆಟ್ಟಿಗೆ ನೋಡದೆ ಆ್ಯಸಿಡ್ ಸುರಿದ. ಹಸಿರು ಹಳದಿ ಹೊಗೆ ಎದ್ದದ್ದನ್ನು ಭಾವ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡ. ಮೇಸ್ತ್ರಿ ಸಾಯಲಿಲ್ಲ, ಆದರೆ ಅವತ್ತಿನಿಂದ ಒಂದು ಉಸಿರಿಗೆ ಮೂರು ಮಾತು ಮಾತ್ರ ಆಡುವವನಾದ. ಅಂದಿನಿಂದ ಭಾವ ಬಕೆಟ್ಟನ್ನು ಮೂರು ಸಲ ತೊಳೆದು, ಮೂಸಿ, ಬಿಸಿಲಿಗೆ ಹಿಡಿದು ನೋಡಿಯೇ ಮುಟ್ಟುವುದು. ನೀರಿಗೆ ಆ್ಯಸಿಡ್ ಹಾಕುತ್ತಾನೆ, ಅಪ್ಪಿತಪ್ಪಿಯೂ ಆ್ಯಸಿಡ್ಡಿಗೆ ನೀರಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಕರವಸ್ತ್ರ ಎತ್ತಿ ನೋಡುತ್ತಾನೆ. ಕೇಂದ್ರದ ನರ್ಸುಗಳು ಕಿಟಕಿಯಲ್ಲಿ ನಿಂತು ಕಿಸಿಕಿಸಿ ನಗುತ್ತಾರೆ. ನಗಲಿ ಬಿಡಿ. ಹತ್ತೊಂಬತ್ತು ವರ್ಷದಲ್ಲಿ ಅವನ ಕೊಳದಿಂದ ಒಬ್ಬರಿಗೂ ಕಣ್ಣು ಉರಿದದ್ದಿಲ್ಲ, ಚರ್ಮ ಕೆರೆದದ್ದಿಲ್ಲ.

ಇನ್ನು ಅಳತೆಯ ವಿಷಯ. ಚಿಕ್ಕ ಗಾಜಿನ ಕೊಳವೆಯಲ್ಲಿ ಕೊಳದ ನೀರು ಹಿಡಿದು ಐದು ಹನಿ ಔಷಧಿ ಬಿಟ್ಟರೆ ನೀರಿಗೆ ಬಣ್ಣ ಬರುತ್ತದೆ. ಹುಳಿ ಜಾಸ್ತಿಯಿದ್ದರೆ ಹಳದಿ, ಸರಿಯಿದ್ದರೆ ಕಿತ್ತಳೆ, ಕಡಿಮೆಯಾದರೆ ಕೆಂಪು. ಹೋಲಿಸಿ ನೋಡಲು ಬಣ್ಣದ ಕಾರ್ಡು ಕೊಟ್ಟಿರುತ್ತಾರೆ. ಆದರೆ ಪಂಪಿನ ಕೋಣೆಯ ಹಬೆಗೆ ಆ ಕಾರ್ಡು ಆರು ತಿಂಗಳಿಗೇ ಮಾಸಿಹೋಗುತ್ತಿತ್ತು. ಕೇಂದ್ರದವರು ಔಷಧಿ ಬಾಟಲಿ ಮಾತ್ರ ತರಿಸುತ್ತಿದ್ದರು, ಕಾರ್ಡು ತರಿಸುತ್ತಿರಲಿಲ್ಲ. ಮಾಸಿದ ಕಾರ್ಡನ್ನು ನಂಬಿ ಆ್ಯಸಿಡ್ ಹಾಕುವುದೆಂದರೆ ಭಾವನ ಎದೆ ಹೊಡೆದುಕೊಳ್ಳುತ್ತಿತ್ತು. ಆಗ ದಾರಿ ತೋರಿಸಿದವಳು ಹೆಂಡತಿ.

ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಸಮವಸ್ತ್ರ, ಪರದೆ, ಕೋಟು ಎಲ್ಲ ಹೊಲಿಯುತ್ತಾಳೆ. ಬಣ್ಣ ಹೊಂದಿಸುವುದರಲ್ಲಿ ಅವಳದು ಎತ್ತಿದ ಕೈ. ಹರಿದ ಬಟ್ಟೆಯನ್ನು ಒಮ್ಮೆ ನೋಡಿ, ನೂರಿಪ್ಪತ್ತು ಉರುಳೆಗಳಿರುವ ತನ್ನ ಮರದ ಪೆಟ್ಟಿಗೆಯಿಂದ ದಾರ ತೆಗೆದಳೆಂದರೆ ಮುಗಿಯಿತು, ಹೊಲಿಗೆ ಎಲ್ಲಿದೆ ಎಂದು ಹೊಲಿಸಿಕೊಂಡವರೇ ಹುಡುಕಬೇಕು. ಭಾವ ಹೇಗೋ ತಂದುಕೊಟ್ಟ ಹೊಸ ಕಾರ್ಡೊಂದನ್ನು ಅವಳು ಬೆಳಕಿಗೆ ಹಿಡಿದು, ಏಳೂವರೆಯ ಬಣ್ಣಕ್ಕೆ ಸರಿಯಾದ ಒಂದು ದಾರ ಹುಡುಕಿದಳು. ಕಿತ್ತಳೆಗೆ ಒಂದು ತೊಟ್ಟು ಕೆಂಪು ಬೆರೆಸಿದಂಥ ಬಣ್ಣ. ಅದನ್ನು ಬಿಳಿ ರಟ್ಟಿಗೆ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಕೊಟ್ಟಳು. ಡಬ್ಬಿಯೊಳಗಿನ ದಾರ ಮಾಸುವುದಿಲ್ಲ. ಭಾವ ದಿನಾ ಬೆಳಿಗ್ಗೆ ಕೊಳವೆಯ ಪಕ್ಕ ಆ ರಟ್ಟು ಹಿಡಿಯುತ್ತಿದ್ದ. ನೀರು ದಾರಕ್ಕಿಂತ ಕೆಂಪಾಗಿದ್ದರೆ ಆ್ಯಸಿಡ್, ಇಲ್ಲದಿದ್ದರೆ ಇಲ್ಲ. ಹತ್ತೊಂಬತ್ತು ವರ್ಷ ಇದು ಹೀಗೇ ನಡೆಯಿತು. ಆ ಉರುಳೆಗೆ ಮನೆಯಲ್ಲಿ 'ಕೊಳದ ಬಣ್ಣ' ಎಂದೇ ಹೆಸರು.

ಈಗ ನಾಲ್ಕು ತಿಂಗಳ ಹಿಂದೆ, ಲೋಹದ ಹಾಳೆಗಳನ್ನು ತೊಳೆಯುವಾಗ, ಭಾವನ ಮೇಲಂಗಿಯ ಜೇಬಿನಿಂದ ಆ ರಟ್ಟು ಜಾರಿ ಆ್ಯಸಿಡ್ ಬೋಗುಣಿಗೆ ಬಿತ್ತು. ಎತ್ತುವಷ್ಟರಲ್ಲಿ ದಾರ ಬೆಳ್ಳಗಾಗಿ ಎಳೆ ಎಳೆಯಾಗಿತ್ತು. ಮನೆಗೆ ಹೋಗಿ ಹೇಳಿದ. ಹೆಂಡತಿ, ಅಷ್ಟೇನಾ, ಎಂದು ಪೆಟ್ಟಿಗೆಗೆ ಕೈಹಾಕಿ ಹೊಸದು ಸುತ್ತಿಕೊಟ್ಟಳು. ಹೊಸದು ಒಂಚೂರು ಕೆಂಪಾಯಿತೇನೋ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಬಣ್ಣದ ವಿಷಯದಲ್ಲಿ ಅವಳ ಮುಂದೆ ಬಾಯಿ ತೆರೆಯಲು ಇವನ್ಯಾವ ಸೀಮೆಯ ಪಂಡಿತ? ಹಳೆಯದು ವರ್ಷಗಟ್ಟಲೆ ಬಳಸಿ ತೆಳುವಾಗಿತ್ತು, ಹೊಸದು ಹೊಸದಾಗಿ ಕಾಣುತ್ತಿದೆ, ಅಷ್ಟೇ. ಹಾಗಂದುಕೊಂಡು ಡಬ್ಬಿ ಮುಚ್ಚಿದ.

ಎರಡು ತಿಂಗಳಾದ ಮೇಲೆ ಹಾಳೆಗಳ ನಡುವೆ ಬಿಳಿ ಗರಣೆ ಕಾಣಿಸಿತು. ತೊಳೆದ. ಹದಿನೈದು ದಿನಕ್ಕೆ ಮತ್ತೆ ಬಂತು. ಆಮೇಲೆ ನೀರಿನ ಅಂಚಿಗೆ, ನೀಲಿ ಗೋಡೆಯ ಸುತ್ತ, ಹಾಲು ಉಕ್ಕಿ ಒಣಗಿದ ಹಾಗೆ ಒಂದು ಗೆರೆ. ನೀರು ಸ್ವಲ್ಪ ಮಂಕಾಯಿತು. ಭಾವ ದಿನಕ್ಕೊಂದು ಸಲ ಅಳೆಯುತ್ತಿದ್ದವನು ಮೂರು ಸಲ ಅಳೆಯತೊಡಗಿದ. ಮೂರು ಸಲವೂ ನೀರಿನ ಬಣ್ಣ ದಾರದ ಬಣ್ಣಕ್ಕೆ ತಾಳೆಯಾಗುತ್ತಿತ್ತು. ಎಲ್ಲ ಸರಿಯಿದೆ ಎಂದು ದಾರ ಹೇಳುತ್ತಿದೆ, ಎಲ್ಲ ಕೆಟ್ಟಿದೆ ಎಂದು ಕೊಳ ಹೇಳುತ್ತಿದೆ. ಅವನಿಗೆ ಊಟ ಸೇರದಾಯಿತು. ಹತ್ತೊಂಬತ್ತು ವರ್ಷ ಪಳಗಿಸಿದ ನೀರು ಇದ್ದಕ್ಕಿದ್ದಂತೆ ಗುರುತು ಸಿಗದ ಹಾಗೆ ನಡೆದುಕೊಂಡರೆ ಹೆದರದೆ ಏನು ಮಾಡಬೇಕು?

ಕೊನೆಗೆ ಅವನು ಹೆದರಿದ್ದು ತನ್ನ ಕಣ್ಣಿಗೆ. ಐವತ್ತೆಂಟು ತುಂಬಿತ್ತು. ಬಣ್ಣ ಗುರುತಿಸುವ ಶಕ್ತಿ ಹೋಗುತ್ತಿದೆಯೇನೋ. ಬಸ್ಸಿನಲ್ಲಿ ಕೂತು ಅಂಗಡಿಗಳ ಫಲಕ ಓದುವುದು, ಇದು ಹಸಿರು, ಇದು ನೀಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡುವುದು ಶುರುವಾಯಿತು. ಪಕ್ಕದ ಸೀಟಿನ ಹೆಂಗಸು ಇವನು ತನಗೆ ಕಣ್ಣು ಹೊಡೆಯುತ್ತಿದ್ದಾನೆಂದು ತಿಳಿದು ಎದ್ದುಹೋದಳು. ಮನೆಯಲ್ಲಿ ಹೇಳಲಿಲ್ಲ. ಬಣ್ಣ ಕಾಣದವನಿಗೆ ಕೊಳ ಯಾರು ಬಿಟ್ಟುಕೊಡುತ್ತಾರೆ? ಹೇಳಿದರೆ ಅದೇ ನಿಜವಾಗಿಬಿಡುತ್ತದೆ ಎಂಬಂತೆ ಬಾಯಿಗೆ ಬೀಗ ಹಾಕಿಕೊಂಡ.

ಹಾಗಿರುವಾಗ ಗುರುವಾರ ಬಂತು. ಅವತ್ತು ಬೆಳಿಗ್ಗೆ ಟೀಚರಮ್ಮನ ಸರದಿ. ಅವರು ನಿವೃತ್ತ ಗಣಿತ ಶಿಕ್ಷಕಿ. ಸಕ್ಕರೆ ಕಾಯಿಲೆಯಿಂದ ಎರಡೂ ಪಾದ ಮರಗಟ್ಟಿವೆ. ನೀರೊಳಗಿನ ಮೆಟ್ಟಿಲು ಹತ್ತಿ ಇಳಿದು ಮೂವತ್ತು ಸುತ್ತು ನಡೆಯುತ್ತಾರೆ, ಸುತ್ತು ಎಣಿಸುವ ಕೆಲಸ ಬೇರೆಯವರಿಗೆ ಬಿಡುವುದಿಲ್ಲ. ಮೂವತ್ತು ಮುಗಿಸಿ, ಕಂಬಿ ಹಿಡಿದು ಮೇಲೆ ಬಂದು, ಬಿಳಿ ಟೈಲ್ಸಿನ ಮೇಲೆ ನಡೆದರು. ಅವರ ಹಿಂದೆ ಹೆಜ್ಜೆ ಗುರುತು ಬಿತ್ತು. ಒಂದೊಂದೂ ಕೆಂಪು.

ಭಾವ ಆ ಗುರುತುಗಳನ್ನೇ ನೋಡುತ್ತಾ ನಿಂತ. ಟೀಚರಮ್ಮ ಮಾತ್ರ ಏನೂ ಆಗದವರಂತೆ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದರು.

"ಏನಪ್ಪಾ ಹಾಗೆ ನೋಡ್ತಿದ್ದೀಯ," ಎಂದರು ಅವರು ನಗುತ್ತಾ, "ಇವತ್ತು ಒಂದು ಸುತ್ತೂ ಕದ್ದಿಲ್ಲ ನಾನು."

ಅವರಿಗೆ ಗೊತ್ತೇ ಆಗಿರಲಿಲ್ಲ. ನರ್ಸು ಓಡಿಬಂದು ಕೂರಿಸಿ ಪಾದ ಎತ್ತಿ ನೋಡಿದಾಗ ಎರಡೂ ಅಂಗಾಲು ಉಪ್ಪುಕಾಗದದಿಂದ ತಿಕ್ಕಿದಂತೆ ತರಚಿದ್ದವು. ಭಾವ ನೀರಿಗಿಳಿದು ಮೆಟ್ಟಿಲ ಮೇಲೆ ಕೈಯಾಡಿಸಿದ. ನುಣ್ಣಗಿರಬೇಕಾದ ಮೈಮೇಲೆಲ್ಲ ಸುಣ್ಣದ ಗಂಟು, ಬೆರಳಿಗೆ ಚುಚ್ಚುತ್ತಿತ್ತು. ಅಂಚಿನ ಬಿಳಿ ಗೆರೆಯನ್ನು ವಾರಗಟ್ಟಲೆ ನೋಡುತ್ತಿದ್ದವನಿಗೆ ನೀರೊಳಗಿನ ಮೆಟ್ಟಿಲು ಮುಟ್ಟಿ ನೋಡಬೇಕೆಂದು ಹೊಳೆದಿರಲಿಲ್ಲ. ಇಂಥ ಪಾದಕ್ಕೆ ಗಾಯವಾದರೆ ಬೇಗ ಮಾಯುವುದಿಲ್ಲ ಎಂದು ನರ್ಸು ಕೇಂದ್ರದ ಮೇಲ್ವಿಚಾರಕಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಕೆಲವೊಮ್ಮೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂಬುದೂ ಬಿತ್ತು.

ಮೇಲ್ವಿಚಾರಕಿ ಕೂಗಾಡುವ ಹೆಂಗಸಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕೊಳಕ್ಕೆ ಹಗ್ಗ ಕಟ್ಟಿಸಿ, ಸೋಮವಾರದೊಳಗೆ ಕಾರಣ ತಿಳಿಯಬೇಕು ಎಂದಷ್ಟೇ ಹೇಳಿ ಹೋದರು. ಮನೆಯಲ್ಲಿ ಹೆಂಡತಿ ಕೇಳಿದಳು, ಅವನು ಟೀಚರಮ್ಮನ ಪಾದದ ಸಂಗತಿ ಹೇಳಿದ, ಕಣ್ಣಿನ ಸಂಗತಿ ನುಂಗಿಕೊಂಡ. ಅವಳು ಪರದೆಯ ಅಂಚು ಮಡಿಸುತ್ತಾ ಕೂತಿದ್ದಳು.

ಶುಕ್ರವಾರ ಅವನಿಗೆ ಇನ್ನೊಂದು ಯೋಚನೆ ಬಂತು. ತಪ್ಪು ಕಣ್ಣಿನದಲ್ಲ, ಪುಕ್ಕಲುತನದ್ದು. ಆ್ಯಸಿಡ್ಡಿಗೆ ಹೆದರಿ ಹೆದರಿ, ತನಗೇ ಗೊತ್ತಿಲ್ಲದ ಹಾಗೆ ಕಡಿಮೆ ಹಾಕುತ್ತಾ ಬಂದಿರಬೇಕು. ಭಾವಮೈದುನ ಆಡಿ ತೋರಿಸುವ ಆ ನಡುಗುವ ಕೈಯೇ ಟೀಚರಮ್ಮನ ಕಾಲು ಕೆಡಿಸಿರಬೇಕು. ಸರಿ, ಇವತ್ತು ಧೈರ್ಯ ಮಾಡುತ್ತೇನೆ ಎಂದು ಹಾಳೆಗಳ ಪೆಟ್ಟಿಗೆ ಬಿಚ್ಚಿ ಬೋಗುಣಿಯ ಮುಂದೆ ಕೂತ. ಕನ್ನಡಕ, ಕೈಗವಸು, ಎರಡು ಮೇಲಂಗಿ. ಆ್ಯಸಿಡ್ ಬೆರೆಸಿದ ನೀರಿನಲ್ಲಿ ಹಾಳೆಗಳನ್ನು ಇಳಿಸಿದೊಡನೆ ಸುಣ್ಣ ಸುರ್ ಎಂದು ನೊರೆಗಟ್ಟಿತು. ಬರಬೇಕಾದ ನೊರೆಯೇ ಅದು, ನೂರು ಸಲ ನೋಡಿದ್ದಾನೆ. ಆದರೂ ಅವತ್ತು ಜೀವ ಬಾಯಿಗೆ ಬಂದು ಎದ್ದು ಹೊರಗೆ ಓಡಿದ. ಅಂಗಳದಲ್ಲಿ ಗೋಡೆಗೆ ಒರಗಿ ನಿಂತು ಉಸಿರು ಎಣಿಸಿದ. ಒಂದು ಉಸಿರಿಗೆ ಮೂರು ಮಾತು. ಆಮೇಲೆ ಒಳಗೆ ಹೋಗಿ ನಡುಗುತ್ತಲೇ ಕೆಲಸ ಮುಗಿಸಿದ.

ಮುಗಿಸಿ, ಕೊಳದ ನೀರು ಅಳೆದ. ದಾರಕ್ಕೆ ಸರಿಯಾಗಿ ತಾಳೆ. ಇನ್ನಷ್ಟು ಆ್ಯಸಿಡ್ ಹಾಕಲು ಕೈ ಎತ್ತಿ, ದಾರ ಬೇಡ ಎನ್ನುವಾಗ ಹಾಕುವುದು ಹೇಗೆಂದು ಇಳಿಸಿದ. ಧೈರ್ಯವೂ ಕೆಲಸಕ್ಕೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಒಂದು ಬಾಟಲಿಯಲ್ಲಿ ಕೊಳದ ನೀರು ತುಂಬಿಕೊಂಡು, ಪಂಪು ಮತ್ತು ಕೊಳದ ಉಪ್ಪು ಮಾರುವ ಅಂಗಡಿಗೆ ಹೋದ. ನೀರು ಪರೀಕ್ಷಿಸುವ ಯಂತ್ರ ಅಲ್ಲಿದೆಯೆಂದು ಕೇಳಿದ್ದ. ಇಷ್ಟು ವರ್ಷ ಅತ್ತ ತಲೆ ಹಾಕಿರಲಿಲ್ಲ, ಅವನ ದಾರವಿತ್ತಲ್ಲ. ಅಂಗಡಿಯಾಕೆ ನೀರನ್ನು ಯಂತ್ರಕ್ಕೆ ಹಾಕಿ, ಪಿಎಚ್ ಎಂಟು ಪಾಯಿಂಟ್ ಒಂದು ಎಂದಳು. ಭಾವ ಇಲ್ಲ ಎಂದ. ಆಕೆ ಇನ್ನೊಮ್ಮೆ ಹಾಕಿದಳು. ಎಂಟು ಪಾಯಿಂಟ್ ಒಂದೇ.

ಭಾವ ಡಬ್ಬಿ ತೆಗೆದು ರಟ್ಟು ಮುಂದಿಟ್ಟ. ಇದು ಏಳೂವರೆಯ ಬಣ್ಣ, ನನ್ನ ನೀರು ದಿನಾ ಹೀಗೇ ಬರುತ್ತದೆ, ನನ್ನ ಕಣ್ಣಿಗೆ ಏನಾಗಿದೆ ನೀವೇ ನೋಡಿ ಹೇಳಿ, ಎಂದ. ಆಕೆ ಹೊಚ್ಚ ಹೊಸ ಕಾರ್ಡೊಂದನ್ನು ಬಿಚ್ಚಿ ದಾರವನ್ನು ಒಂದೊಂದು ಬಣ್ಣದ ಮೇಲೂ ಇಟ್ಟು ನೋಡಿದಳು. ಏಳೂವರೆಯನ್ನು ದಾಟಿ, ಎಂಟರ ಮೇಲೆ ಇಟ್ಟಾಗ ದಾರ ಕಾರ್ಡಿನೊಳಗೆ ಕರಗಿಹೋಯಿತು.

"ನಿಮ್ಮ ಕಣ್ಣು ಚೆನ್ನಾಗಿದೆ," ಎಂದಳು. "ನಿಮ್ಮ ದಾರ ತಪ್ಪು."

ಭಾವ ನಕ್ಕುಬಿಟ್ಟ. ಅಂಗಡಿಯಾಕೆ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರೂ ನಕ್ಕ. ಕಣ್ಣೂ ಕೆಟ್ಟಿಲ್ಲ, ತಪ್ಪು ಕೈಯದೂ ಅಲ್ಲ. ದಾರ, ಬರೀ ದಾರ. ಏನು ಮಾಡಬೇಕೆಂದು ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡ. ಉಜ್ಜಬೇಡಿ, ನೀರನ್ನು ನಿಧಾನವಾಗಿ ಏಳು ಪಾಯಿಂಟ್ ಎರಡಕ್ಕೆ ಇಳಿಸಿ ಆರು ವಾರ ಹಾಗೇ ಇಡಿ, ಸುಣ್ಣ ತಾನಾಗಿ ಬಿಡುತ್ತದೆ. ಎದೆ ಮೇಲಿನ ಚಪ್ಪಡಿ ಇಳಿದಂತಾಗಿ, ಹೊಸ ಕಾರ್ಡು ಕೊಂಡು ಬಸ್ಸು ಹತ್ತಿದ. ಬೋರ್ಡುಗಳ ಬಣ್ಣ ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ.

ಎರಡು ನಿಲ್ದಾಣ ಕಳೆದ ಮೇಲೆ ನಗು ತಾನಾಗಿ ನಿಂತಿತು.

ದಾರ ಕೊಟ್ಟವಳು ಅವಳು.

ಅವಳು ತಪ್ಪುವವಳಲ್ಲ. ಕತ್ತಲಲ್ಲಿ ಕೇಳಿದರೂ ಕಪ್ಪಿನಲ್ಲಿ ಏಳು ಬಗೆ ಹೇಳುವವಳು. ಹಾಗಿದ್ದರೆ? ಅವನ ತಲೆಯಲ್ಲಿ ಒಂದೊಂದೇ ಸಂಗತಿ ಎದ್ದು ನಿಂತಿತು. ಒಂದೂವರೆ ವರ್ಷದಿಂದ ಅವನು ಕೆಲಸಕ್ಕೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಟ್ಟು ಹೋಗುತ್ತಿದ್ದಾನೆ. ನಿಮ್ಮ ಬೆರಳಿಗೂ ಒಂದು ಕೆಲಸ ಇರಲಿ, ಎಂದು ಅವಳೇ ತಮಾಷೆ ಮಾಡಿ ಒಪ್ಪಿಸಿದ್ದು. ಹೊಲಿಗೆ ಯಂತ್ರ ಗೋಡೆಯಿಂದ ಕಿಟಕಿಗೆ ಬಂದು, ಕಿಟಕಿಯಿಂದ ಬಾಗಿಲಿಗೆ ಬಂದಿದೆ. ಚಹಾ ಸುರಿಯುವಾಗ ಲೋಟದೊಳಗೆ ಬೆರಳು ಇಳಿಬಿಡುತ್ತಾಳೆ. ಹೋದ ತಿಂಗಳು ಯಾರದೋ ಬೂದು ಪ್ಯಾಂಟಿಗೆ ಹಸಿರು ದಾರ ಹಾಕಿಕೊಟ್ಟಿದ್ದಳು. ಅಕ್ಕ ಹೊಸ ಫ್ಯಾಷನ್ ಶುರು ಮಾಡಿದ್ದಾಳೆ ಎಂದು ಭಾವಮೈದುನ ನಗಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಭಾವನಿಗೆ ಟೀಚರಮ್ಮನ ಕೆಂಪು ಹೆಜ್ಜೆ ಕಂಡಾಗಲೂ ಇಂಥ ಭಯವಾಗಿರಲಿಲ್ಲ. ಇಳಿಯುವ ನಿಲ್ದಾಣ ಬಂದಾಗ ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಇಳಿದುಬಿಟ್ಟ.

ಮನೆಯ ಬಾಗಿಲು ತೆರೆದಿತ್ತು. ಮಧ್ಯಾಹ್ನದ ಬೆಳಕು ಹೊಲಿಗೆ ಯಂತ್ರದ ಮೇಲೆ ನೇರ ಬಿದ್ದಿತ್ತು. ಅವಳು ಪರದೆ ಹೊಲಿಯುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತು, ಮೂವತ್ತು ವರ್ಷದಲ್ಲಿ ಮೊದಲ ಸಲ, ಅವಳು ಹೊಲಿಯುವುದನ್ನು ಸರಿಯಾಗಿ ನೋಡಿದ. ಅವಳ ಕಣ್ಣು ಬಟ್ಟೆಯ ಮೇಲಿರಲಿಲ್ಲ. ಎಡಗೈಯ ಹೆಬ್ಬೆರಳು ಮಡಿಕೆಯನ್ನು ತಡವುತ್ತಾ ಸೂಜಿಗಿಂತ ಎರಡಂಗುಲ ಮುಂದೆ ಹೋಗುತ್ತಿತ್ತು, ಸೂಜಿ ಅದನ್ನು ಹಿಂಬಾಲಿಸುತ್ತಿತ್ತು. ಹೊಲಿಗೆ ಮಾತ್ರ ಗೆರೆ ಎಳೆದಂತೆ ನೆಟ್ಟಗಿತ್ತು.

"ಯಾರು?" ಎಂದಳು ಅವಳು. ನಾಲ್ಕು ಹೆಜ್ಜೆ ದೂರದಲ್ಲಿ ಅವನು ನಿಂತಿದ್ದ.

ಅವನು ನಾನು ಎಂದ. ಕೊಳದ ಬಣ್ಣದ ದಾರ ಇನ್ನೊಂದು ಬೇಕಿತ್ತು ಎಂದ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು. ಅವಳು ಎದ್ದು ಪೆಟ್ಟಿಗೆಯ ಮುಚ್ಚಳ ತೆರೆದಳು. ಸಾಲಿಗೆ ಹನ್ನೆರಡರಂತೆ ಹತ್ತು ಸಾಲು ಗೂಟ, ಗೂಟಕ್ಕೊಂದು ಉರುಳೆ. ಅವಳ ಬೆರಳು ಮೇಲಿನಿಂದ ಒಂದು, ಎರಡು, ಮೂರು ಎಂದು ಸಾಲು ಎಣಿಸಿತು. ಆಮೇಲೆ ಎಡದಿಂದ ಐದು. ಉರುಳೆ ಎತ್ತಿ ಅವನ ಕೈಗಿಟ್ಟಳು. ಅದು ಕೆಂಪು.

"ಇದು ಯಾವ ಬಣ್ಣ?" ಎಂದು ಅವನು ಕೇಳಿದ.

"ನಿಮ್ಮ ಕೊಳದ ಬಣ್ಣ. ಹೊಸದಾಗಿ ಕೇಳ್ತೀರಲ್ಲ," ಎಂದು ಅವಳು ನಕ್ಕಳು.

ಅವನು ನಗಲಿಲ್ಲ. ಅವಳ ನಗು ಸಣ್ಣದಾಗುತ್ತಾ ಬಂತು. ಕೊನೆಗೆ ಕುರ್ಚಿಯ ಬೆನ್ನನ್ನು ಕೈಯಿಂದ ಹುಡುಕಿ ಹಿಡಿದು ಕೂತಳು. ಆಮೇಲೆ ಅವಳೇ ಹೇಳಿದಳು. ಆ ಪೆಟ್ಟಿಗೆ ಒಂದು ದಿನ ಕೈಜಾರಿ ಬಿದ್ದು ನೂರಿಪ್ಪತ್ತೂ ಉರುಳೆ ನೆಲದ ಮೇಲೆ ಉರುಳಿಹೋಗಿದ್ದವು. ಅಲ್ಲಿಯತನಕ ಯಾವುದು ಯಾವ ಗೂಟದಲ್ಲಿದೆ ಎಂದು ಬೆರಳಿಗೆ ಬಾಯಿಪಾಠವಿತ್ತು, ಕಣ್ಣಿನ ಹಂಗಿರಲಿಲ್ಲ. ಹೆಕ್ಕಿ ಮತ್ತೆ ಜೋಡಿಸುವಾಗ ಕಪ್ಪು ಬಿಳುಪು ತಿಳಿಯಿತು, ಉಳಿದದ್ದೆಲ್ಲ ಅಂದಾಜು. ಯಾರನ್ನಾದರೂ ಕರೆದು ಕೇಳೋಣವೆಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅದಾದ ವಾರಕ್ಕೇ ಅವನು ಬಂದು ದಾರ ಕೇಳಿದ್ದು.

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಆಯ್ತು. ಮೊದಲು ಅಂಚು ಮಾತ್ರ ಮಬ್ಬಾಗ್ತಿತ್ತು. ಈಗ ಎಲ್ಲಾ ಹೊಗೆಯೊಳಗೆ ಇಟ್ಟ ಹಾಗೆ ಕಾಣುತ್ತೆ."

"ನನಗೆ ಯಾಕೆ ಹೇಳ್ಲಿಲ್ಲ?"

ಅವಳು ಮುಖ ಎತ್ತಿ ಅವನಿರುವ ಕಡೆ ನೋಡಿದಳು. ಒಂದು ಗೇಣು ಆಚೆಗೆ ನೋಡಿದಳು.

"ನೀವು ಹೆದರ್ಕೋತೀರ ಅಂತ," ಎಂದಳು.

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮೂವತ್ತು ವರ್ಷ ಮನೆಮಂದಿಯೆಲ್ಲ ನಕ್ಕ ಮಾತು, ತಾನೂ ಜೊತೆಗೂಡಿ ನಕ್ಕ ಮಾತು. ಬಕೆಟ್ಟನ್ನು ಮೂರು ಸಲ ತೊಳೆಯುವ ಗಂಡನಿಗೆ ಇನ್ನೊಂದು ಹೆದರಿಕೆ ಕೊಡಬಾರದೆಂದು ಅವಳು ಎರಡು ವರ್ಷ ಆ ಹೊಗೆಯೊಳಗೆ ಒಬ್ಬಳೇ ಕೂತು ಸೂಜಿ ಓಡಿಸಿದ್ದಳು. ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು.

ಆಮೇಲೆ ಅವಳಿಗೆ ಹೊಳೆಯಿತು. ಹೊಳೆದದ್ದು ಅವಳ ಕೈಯಲ್ಲಿ ಮೊದಲು ಕಂಡಿತು, ಮಡಿಲಿನ ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಟೀಚರಮ್ಮನ ಕಾಲು, ಎಂದಳು.

"ದಾರ ಕೊಟ್ಟಿದ್ದು ನೀನು. ಕೆಂಪಾಗಿದೆ ಅಂತ ಕಂಡೂ ಸುಮ್ಮನಿದ್ದಿದ್ದು ನಾನು," ಎಂದ ಅವನು. "ಸೋಮವಾರ ಮೇಲ್ವಿಚಾರಕಿಗೆ ಹಾಗೇ ಹೇಳ್ತೀನಿ. ಕೊಳ ಆರು ವಾರ ತೆರೆಯೋ ಹಾಗಿಲ್ಲ. ಅಲ್ಲಿಂದ ಟೀಚರಮ್ಮನ ಮನೆಗೆ ಹೋಗ್ತೀನಿ. ಆದರೆ ಅದಕ್ಕೂ ಮೊದಲು, ಬೆಳಿಗ್ಗೆ ಎಂಟಕ್ಕೇ, ನಾವಿಬ್ಬರೂ ಕಣ್ಣಿನ ಡಾಕ್ಟರ ಹತ್ರ."

ಅವಳು ಬೇಡವೆನ್ನಲಿಲ್ಲ. ಡಾಕ್ಟರು ಆಗಲ್ಲ ಅಂತ ಹೇಳಿದರೆ, ಎಂದಳು. ಅವಳ ಬಾಯಿಂದ ಹೆದರಿಕೆಯ ಮಾತು ಅವನು ಕೇಳಿದ್ದು ಅದೇ ಮೊದಲು. ಹಾಗೇನೂ ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದ, ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದವನಲ್ಲ ಅವನು.

"ನನಗೂ ಅದೇ ಭಯ," ಎಂದ.

ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡ. ಇಬ್ಬರ ಕೈಗಳೂ ತಣ್ಣಗಿದ್ದವು.

ಆ ಮಧ್ಯಾಹ್ನವೆಲ್ಲ ಅವರು ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ನೆಲದ ಮೇಲೆ ಕೂತರು. ಅವನು ಒಂದೊಂದೇ ಉರುಳೆ ಎತ್ತಿ ಬಣ್ಣ ಹೇಳಿದ, ಅವಳು ಅದು ಯಾವ ಸಾಲಿನ ಎಷ್ಟನೆಯದೆಂದು ಹೇಳಿದಳು. ಒಂದಕ್ಕೂ ತಡವರಿಸಲಿಲ್ಲ. ಅವನೇ ನೀಲಿಗಳಲ್ಲಿ ತಬ್ಬಿಬ್ಬಾಗಿ ಬೈಸಿಕೊಂಡ. ಕೊಳದ ಬಣ್ಣ ಕೊನೆಯ ಸಾಲಿನಲ್ಲಿ, ಎರಡು ಕಂದು ಉರುಳೆಗಳ ನಡುವೆ ಸೇರಿಕೊಂಡಿತ್ತು. ಅವನು ಹೊಸ ಕಾರ್ಡು ತೆಗೆದು ಏಳೂವರೆಯ ಮೇಲೆ ಇಟ್ಟು ನೋಡಿದ. ದಾರ ಎಲ್ಲಿದೆ ಎಂದು ಹುಡುಕಬೇಕಾಯಿತು. ಒಂದು ಮಾರು ಕತ್ತರಿಸಿ ಬಿಳಿ ರಟ್ಟಿಗೆ ಸುತ್ತಿಕೊಂಡ. ಉಳಿದ ಉರುಳೆಯನ್ನು ಮೂರನೇ ಸಾಲಿನ ಐದನೇ ಗೂಟಕ್ಕೆ ಹಾಕಿದ. ಅವಳ ಬೆರಳು ಹೋಗುವುದು ಅಲ್ಲಿಗೇ.